ಅಪ್ಪನ ಕಿವಿಯ ಬ್ಯಾಟರಿ

ಮಾರ್ಚ್ ೧೨, ಗುರುವಾರ

ಅಮ್ಮನಿಗೆ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ದೇಶದ ಭದ್ರತೆ ಎಂದು ಹೊರದೇಶದ ಬ್ಯಾಟರಿಗಳನ್ನೆಲ್ಲ ಬಂದರಿನಲ್ಲೇ ತಡೆದವರು ನಾವು, ಕಸ್ಟಮ್ಸ್‌ನವರು. ಅಪ್ಪನ ಶ್ರವಣಯಂತ್ರದ, ಅಂಗಿಗುಂಡಿಯಷ್ಟು ಪುಟ್ಟ ಬ್ಯಾಟರಿಯೂ ಅದರಲ್ಲಿ ಸಿಕ್ಕಿಬಿತ್ತು. ಅಂದಿನಿಂದ ಅಮ್ಮ, ಸಣ್ಣಕ್ಷರ ಕಾಣದ ಅಪ್ಪನಿಗೆ ಒತ್ತಿಕೊಂಡು ಕೂತು ಕಿವಿಯ ಬಳಿಯೇ ಪೇಪರ್ ಓದುತ್ತಾಳೆ. ನಡುನಡುವೆ ನನ್ನ ಇಲಾಖೆಗೆ ಹಿಡಿಶಾಪ ಹಾಕುತ್ತಾಳೆ.

ಕೊನೆಗೂ ಆರೋಗ್ಯ ಇಲಾಖೆ ಪಟ್ಟು ಹಿಡಿದು ಶ್ರವಣಯಂತ್ರದ ಬ್ಯಾಟರಿಗೆ ವಿನಾಯಿತಿ ಕೊಡಿಸಿತು. ಇವತ್ತು ಅಂಗಡಿಗೆ ಬಂದ ಮೊದಲ ಪೊಟ್ಟಣವನ್ನೇ ಕೊಂಡುಬಂದೆ. ಅಪ್ಪ ಅದನ್ನು ತಿರುಗಿಸಿ ನೋಡಿ, ಮೆಲ್ಲಗೆ ಕನ್ನಡಕದ ಡಬ್ಬಿಯೊಳಗೆ ತುರುಕಿದರು.

“ಬಂದಿಲ್ಲ ಅಂತ ಹೇಳು ಮಗಳೇ. ನಿಮ್ಮಮ್ಮ ಇಷ್ಟು ಹತ್ತಿರ ಕೂತು ಎಷ್ಟು ವರ್ಷ ಆಗಿತ್ತು!”

ಅಡುಗೆಮನೆಯಿಂದ ಅಮ್ಮ ಕೂಗಿದಳು, “ಬ್ಯಾಟರಿ ಬಂತೇನೇ?”

“ಇನ್ನೂ ಇಲ್ಲಮ್ಮ.”

ಕಳ್ಳಮಾಲು ಹಿಡಿಯುವುದೇ ನನ್ನ ಕೆಲಸ. ಈಗ ಪಕ್ಕದ ಕೋಣೆಯಲ್ಲಿ ಅಮ್ಮ ಓದುತ್ತಿದ್ದಾಳೆ. ಅಪ್ಪ ಮಾತ್ರ, “ಆಂ? ಇನ್ನೊಂದ್ಸಲ ಓದು...”