ಡ್ಯೂಯಿ ಸೋತ ದಿನ

ಶ್ರೀ ಸಿದ್ಧೇಶ್ವರ ಪ್ರಸನ್ನ

ವಿಜಾಪುರ,
೧೨ ಡಿಸೆಂಬರ್ ೧೯೪೮

ಚಿರಂಜೀವಿ ಬಸಗೊಂಡನಿಗೆ ಅಪ್ಪನ ಆಶೀರ್ವಾದ.

ನಾವೆಲ್ಲ ಸುಖವಾಗಿದ್ದೇವೆ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಅಂಗಡಿಯಲ್ಲಿ ಗಿರಾಕಿ ಹೆಚ್ಚಾಗಿ ಉತ್ತರ ತಡವಾಯಿತು ಎನ್ನಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸೈರಿಸಿಕೋ.

ಇದನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ಒಂದು ಮಾತಿದೆ. ಸಾಹೇಬರೇ, ನನ್ನ ಮಗನ ಕಾಗದದಲ್ಲಿ ನೀವು ಅರ್ಧ ಪುಟಕ್ಕೆ ಮಸಿ ಬಳಿದಿದ್ದೀರಿ. ಅದು ಅಮೆರಿಕದ ಚುನಾವಣೆಯ ಮಾತು ಎಂದು ಮೇಲಿನ ಸಾಲಿನಿಂದಲೇ ತಿಳಿಯುತ್ತದೆ. ಅಲ್ಲಿನವರು ಯಾರಿಗೆ ಮತ ಹಾಕಿದರೆ ನಮ್ಮ ಸರಕಾರಕ್ಕೇನು ಹೊಟ್ಟೆನೋವು? ಬ್ರಿಟಿಷರು ಹೋಗುವಾಗ ಮಸಿಯ ದೌತಿಯನ್ನು ಮಾತ್ರ ನಿಮಗೆ ಬಿಟ್ಟು ಹೋದರೇನು?

ಈಗ ನೀನು ಕೇಳು. ಹತ್ತಿ ಗಿರಣಿಯ ಕೂಲಿಕಾರರನ್ನು ಕಟ್ಟಿಕೊಂಡು ಮುಷ್ಕರ ಹೂಡಿದೆ. ವಾರಂಟು ಹೊರಟ ಮೇಲೆ ಎರಡು ತಿಂಗಳು ಅಡಗಿದೆ. ಘೋಣಸಗಿಯಲ್ಲಿ ಸಿಕ್ಕಿಬಿದ್ದು, ವಿಚಾರಣೆಯೂ ಇಲ್ಲದೆ ಒಳಗೆ ಕೂತಿದ್ದೀ. ಇಂಥವನು ಅವ್ವನ ಮಂಡಿನೋವು ಹೇಗಿದೆ ಎಂದು ಒಂದು ಸಾಲು ಬರೆಯುತ್ತೀ, ಅಮೆರಿಕ ಎಡಕ್ಕೆ ಹೊರಳಿತೋ ಬಲಕ್ಕೆ ಹೊರಳಿತೋ ಎಂದು ಒಂದು ಪುಟ! ‘ಎಡಕ್ಕೇ ಹೊರಳುತ್ತದೆ ಎಂದು ನಾನು ಹೇಳಿರಲಿಲ್ಲವೇ?’ ಎಂದು ಬೇರೆ ಕೇಳುತ್ತೀ.

ಎಲ್ಲಿ ಹೊರಳಿತಪ್ಪ? ಎಡದವರ ಹುರಿಯಾಳೆಂದು ನೀನು ಕೋಟಿ ಮತ ಎಣಿಸಿಟ್ಟಿದ್ದ ವಾಲೇಸನಿಗೆ ಹನ್ನೆರಡು ಲಕ್ಷವೂ ಬೀಳಲಿಲ್ಲ. ಟ್ರೂಮನ್ ಗೆದ್ದ, ನಿಜ. ಕೂಲಿಕಾರರ ಸಂಘಗಳ ಕೈ ಕಟ್ಟುವ ಕಾಯ್ದೆಯನ್ನು ತೆಗೆಸುತ್ತೇನೆ ಎಂದ, ಅದೂ ನಿಜ. ಅದೇ ಟ್ರೂಮನ್ ತನ್ನ ಕಚೇರಿಯ ಕಾರಕೂನರಲ್ಲಿ ಕೆಂಪು ಬಾವುಟದವರು ಯಾರೆಂದು ಹುಡುಕಿಸುತ್ತಿದ್ದಾನೆ. ನಿಮ್ಮ ಪಕ್ಷದ ಹನ್ನೆರಡು ಮಂದಿ ಮುಖಂಡರ ಮೇಲೆ ನ್ಯೂಯಾರ್ಕಿನಲ್ಲಿ ಖಟ್ಲೆ ಹಾಕಿದ್ದಾರೆ. ಸಿನಿಮಾಕ್ಕೆ ಕಥೆ ಬರೆಯುವವರನ್ನೂ ಬಿಟ್ಟಿಲ್ಲ. ಬಾಯಿ ಎಡಕ್ಕೆ, ಕೈ ಬಲಕ್ಕೆ. ಇದನ್ನು ನೀನು ಗೆಲುವು ಎನ್ನುತ್ತೀಯಾ?

ಬಬಲೇಶ್ವರದ ಅಮರಪ್ಪ ಇದನ್ನೇ ಹೇಳುತ್ತಿದ್ದ. ಹತ್ತಿ ಹೇರಿಕೊಂಡು ಪೇಟೆಗೆ ಬಂದಾಗಲೆಲ್ಲ ನಮ್ಮ ಜವಳಿ ಅಂಗಡಿಯ ಕಟ್ಟೆಯ ಮೇಲೆ ಕೂತು, ನಾನು ಮುಂಬೈ ಪತ್ರಿಕೆ ಓದಿ ಅರ್ಥ ಹೇಳಿದ ಕೂಡಲೇ ಜಗಳ ತೆಗೆಯುತ್ತಿದ್ದ. ಈ ಸಲ ಶ್ರೀಮಂತರ ಕಡೆಯ ಡ್ಯೂಯಿಯೇ ಗೆಲ್ಲುತ್ತಾನೆ, ಅಮೆರಿಕ ಬಲಕ್ಕೇ ಹೋಗುತ್ತದೆ ಎಂದು ಅವನ ಹಟ. “ಎಡದ ಎತ್ತ ಜಗ್ಗಿದ್ರೂ ಬಲದ ಎತ್ತ ಜಗ್ಗಿದ್ರೂ ಗಾಡಿ ಹೋಗೂದು ಸಾಹುಕಾರನ ಮನಿಗೇ, ತಿಳ್ಕೊ ಶಿವಯೋಗೆಪ್ಪ” ಎನ್ನುತ್ತಿದ್ದ. ನಿನ್ನೆದುರು ನಿನ್ನ ಪಕ್ಷವನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ನಾನು ಅವನೆದುರು ನಿನ್ನ ವಕೀಲನಾಗಿರುತ್ತಿದ್ದೆ. ನಗಬೇಡ. ಕಟ್ಟೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅಬ್ದುಲಸಮದ “ಇಬ್ರೂ ಅಮೆರಿಕಾಕ್ಕ ಹೋಗಿ ನೋಡಿ ಬರ್ರಿ, ಅಲ್ಲೀತನಾ ಅಂಗಡಿ ನಾ ನೋಡ್ಕೋತೇನಿ” ಎಂದು ಛೇಡಿಸುತ್ತಿದ್ದ.

ಇನ್ನು ನಿನ್ನ ಕಾಗದದ ಕೊನೆಯ ಮಾತು. ‘ನಾನಿರುವ ಜಾಗವನ್ನು ಪೊಲೀಸರಿಗೆ ತಿಳಿಸಿದವನು ಅಮರಪ್ಪ ಕಾಕಾನೇ. ಹೊರಗೆ ಬಂದ ಮೇಲೂ ಅವನ ಹೊಸ್ತಿಲು ತುಳಿಯುವುದಿಲ್ಲ’ ಎಂದು ಬರೆದಿದ್ದೀ. ಸಾಹೇಬರು ಇದಕ್ಕೆ ಮಾತ್ರ ಮಸಿ ಬಳಿಯಲಿಲ್ಲ ನೋಡು! ಓದಿ ನನ್ನ ಮೈಯೆಲ್ಲ ಉರಿಯಿತು. ಬಬಲೇಶ್ವರದ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ ನಿನಗೆ ಈಜು ಕಲಿಸಿದವನ ಮೇಲೆ ಈ ಮಾತು ಆಡಲು ನಾಲಿಗೆ ಹೇಗೆ ಬಂತು? ವಾದದಲ್ಲಿ ಬಲಕ್ಕೆ ನಿಂತವರೆಲ್ಲ ಪೊಲೀಸರ ಕಡೆಯವರೇ? ಆ ಮಾತನ್ನು ಹಿಂದಕ್ಕೆ ತಗೋ. ಅವನಿಗೆ ನೀನೇ ಕೈಯಾರೆ ಒಂದು ಕಾಗದ ಬರೆ.

ಊರೂ ಅದನ್ನೇ ಆಡಿಕೊಳ್ಳುತ್ತಿದೆ. ಅವನು ಬಂದರೆ ಕಟ್ಟೆಯ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಕಳೆದ ವಾರ ಒಂದು ಗಡಿಗೆ ಮೊಸರು ತಂದಿದ್ದ. ನಿಮ್ಮವ್ವ ಬಾಗಿಲಲ್ಲೇ ನಿಂತು, “ಹೊಳ್ಳಿ ಒಯ್ರಿ ಅಣ್ಣಾರ. ನನ್ನ ಮಗನ್ನ ಹಿಡದಕೊಟ್ಟವ್ರ ಮನಿ ಮೊಸರು ನಮ್ಮ ಗಂಟಲಾಗ ಇಳ್ಯಾಂಗಿಲ್ಲ” ಎಂದಳು. ಅವನು “ಆತ ಬಿಡವ್ವ ಗುರುಬಸವ್ವ, ನೀ ಸಿಟ್ಟಾಗಬ್ಯಾಡ” ಎಂದು ಗಡಿಗೆ ಎತ್ತಿಕೊಂಡು ಹೋದ. ನನ್ನ ಕಡೆ ನೋಡಲೂ ಇಲ್ಲ. ನಾನು ಗಜಕಡ್ಡಿ ಹಿಡಿದುಕೊಂಡು, ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತಿದ್ದೆ.

ಘೋಣಸಗಿಯಲ್ಲಿ ನಿನಗೆ ಆಸರೆ ಕೊಟ್ಟ ಬೀರಣ್ಣನನ್ನು ಮೂರು ದಿನ ಕೂಡಿಹಾಕಿ ಬಿಟ್ಟರು. ಕುರಿ ಕಾಯುವವನು ಅವನು, ಟ್ರೂಮನ್ ಯಾರು ಡ್ಯೂಯಿ ಯಾರು ಎಂದು ಅವನಿಗೇನು ಗೊತ್ತು? ಬೆನ್ನು ಇನ್ನೂ ನೆಟ್ಟಗಾಗಿಲ್ಲವಂತೆ. ತಿಕೋಟಾದ ಸಂತೆಗೆ ಬಂದವರ ಕೈಯಲ್ಲಿ ಅವನ ಹೆಂಡತಿ ಹೊಳೆವ್ವ, “ತಮ್ಮ ಬಸಗೊಂಡ ಕಂಬಳಿ ಇಲ್ಲೇ ಬಿಟ್ಟಾನ, ಒಗದ ಇಟ್ಟೇನಿ ಅಂತ ಹೇಳ್ರಿ” ಎಂದು ಹೇಳಿಕಳಿಸಿದ್ದಾಳೆ. ಅಂಥವರ ಮುಖ ನೋಡಲು ನನಗೆ ಧೈರ್ಯವಿಲ್ಲ.

ಚಳಿ ಬಹಳ ಬಿದ್ದಿದೆ. ಜೈಲಿನಲ್ಲಿ ಉಪವಾಸ ಕೂರುತ್ತೇವೆ ಎಂದು ಬರೆದಿದ್ದೀ, ಕೂರಬೇಡ. ನಿಮ್ಮವ್ವ ಒಪ್ಪತ್ತು ಉಣ್ಣುತ್ತಿದ್ದಾಳೆ, ಅದನ್ನೂ ಬಿಟ್ಟಾಳು. ಸಿದ್ಧೇಶ್ವರ ನಿನ್ನ ಆಯುಷ್ಯ ಗಟ್ಟಿ ಮಾಡಲಿ. ನಿನ್ನ ಹಟವನ್ನು ಅವನು ಗಟ್ಟಿ ಮಾಡುವ ಅಗತ್ಯವಿಲ್ಲ, ಅದು ನಮ್ಮ ಮನೆತನದಿಂದಲೇ ಬಂದಿದೆ.

ನಿನ್ನ ತಂದೆ,
ಶಿವಯೋಗೆಪ್ಪ

ತಾ.ಕ.: ಕಾಗದ ಮಡಿಚಿ, ಮತ್ತೆ ಬಿಚ್ಚಿದ್ದೇನೆ. ಇಷ್ಟು ಬೈದರೂ ಸಿಟ್ಟು ಏಕೆ ಇಳಿಯಲಿಲ್ಲ ಎಂದರೆ, ಬೈಯಬೇಕಾದವನನ್ನು ಇನ್ನೂ ಬೈದಿಲ್ಲ.

ನಮ್ಮ ಓಣಿಯ ವಾಡಿಕೆ ನಿನಗೆ ಗೊತ್ತು. ಕಾಗದ ಬಂದರೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಒಳಗೆ ಓದಿದರೆ ಸಾವಿನ ಸುದ್ದಿಯೇನೋ ಎಂದು ನೆರೆಯವರು ಓಡಿಬರುತ್ತಾರೆ. ನೀನು ಅಡಗಿದ ಮೇಲೆ ಕಳಿಸಿದ ಒಂದೇ ಕಾಗದವನ್ನು ಮಾತ್ರ ನಾನು ಒಳಗೇ ಓದಿ ಕಿಸೆಯಲ್ಲಿಟ್ಟುಕೊಂಡಿದ್ದೆ. ದೀವಳಿಗೆ ಮುಗಿದ ಆ ವಾರ ಟ್ರೂಮನ್ ಗೆದ್ದ ಸುದ್ದಿ ಬಂತು. ಅಮೆರಿಕದ ಪತ್ರಿಕೆಯವರೇ ತಪ್ಪಿದ್ದರು. ಡ್ಯೂಯಿ ಗೆದ್ದನೆಂದು ಒಬ್ಬರು ಅಚ್ಚು ಕೂಡ ಹಾಕಿಬಿಟ್ಟಿದ್ದರಂತೆ. ನನ್ನ ಮಗ ಮಾತ್ರ ಮೊದಲೇ ‘ಡ್ಯೂಯಿ ಸೋಲುತ್ತಾನೆ’ ಎಂದು ಬರೆದಿದ್ದ! ಕಟ್ಟೆಯ ಮೇಲೆ ಹದಿನೈದು ಜನರಿದ್ದರು. ನನಗೆ ತಡೆಯಲಾಗಲಿಲ್ಲ. ಕಿಸೆಯಿಂದ ತೆಗೆದು ಓದತೊಡಗಿದೆ. ವಾಲೇಸನಿಗೆ ಕೋಟಿ ಮತ ಎಂದಿದ್ದ ಸಾಲನ್ನು ಹಾರಿಸಿದೆ, ಅಷ್ಟು ಜಾಣತನ ಇತ್ತು. ಅದರ ಕೆಳಗಿನ ಸಾಲು, ‘ಹೊಳೆವ್ವನ ಕೈರೊಟ್ಟಿ ಉಂಡು ಆರಾಮಿದ್ದೇನೆ ಎಂದು ಅವ್ವನಿಗೆ ಹೇಳು.’ ನಮ್ಮ ಮನೆಯಲ್ಲಿ ನಿನ್ನನ್ನು ಎತ್ತಿ ಆಡಿಸಿದ ಹೊಳೆವ್ವ ಈಗ ಯಾವ ಊರಲ್ಲಿದ್ದಾಳೆ ಎಂದು ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ?

ಅಮರಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಆ ಸಾಲು ಅವನ ಕಣ್ಣಿಗೆ ಮೊದಲೇ ಬಿದ್ದಿರಬೇಕು. ಕಾಗದದ ಮೇಲೆ ಕೈ ಇಟ್ಟು, “ಸಾಕ ಬಿಡೋ ಶಿವಯೋಗೆಪ್ಪ, ನಾ ಸೋತೆ” ಎಂದ. ಮೂವತ್ತು ವರ್ಷದ ಜಗಳದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವನ ಕೈ ಸರಿಸಿ, ಗೆದ್ದ ಸೊಕ್ಕಿನಲ್ಲಿ, ಹೊಳೆವ್ವನ ಆ ಸಾಲನ್ನು ಇನ್ನೂ ಗಟ್ಟಿಯಾಗಿ ಓದಿದೆ.