ಕಡಲಿಗೆ ಎಸೆದ ಏಳು ಸ್ಪ್ಯಾನರ್‌ಗಳು

ಕಡಲಬಾಗಿಲು, ಹದಿಮೂರನೆಯ ತಿಂಗಳ ನಲವತ್ತನೆಯ ದಿನ, ೨೩೯೧

ನನಗಿಂತ ಮುನ್ನೂರೈವತ್ತು ವರ್ಷ ಹಿಂದಿರುವವರಿಗೆ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ನಿಮ್ಮ ಪುಸ್ತಕಗಳಿಂದ ಕಲಿತದ್ದು. ಮಳೆಗಾಲ ಬೆಳೆದಾಗ ನಾವು ವರ್ಷಕ್ಕೆ ಒಂದು ತಿಂಗಳು ಸೇರಿಸಿಕೊಂಡೆವು. ಸಮುದ್ರವನ್ನು ತಡೆಯುವ ಒಂದು ಕಬ್ಬಿಣದ ಬಾಗಿಲಿನ ಹಿಂದೆ ನಾನೂರು ಜನ ಬದುಕುತ್ತೇವೆ.

ನಾನು ಇಲ್ಲಿಯ ನುಡಿಗಾವಲಿನವನು. ಉಪಕರಣವನ್ನು ಯಾರ ಕೈಗಾದರೂ ಕೊಡುವ ಮೊದಲು ಅದರ ಹೆಸರಿನ ಹುಟ್ಟನ್ನು ಸಭೆಯಲ್ಲಿ ಓದುವುದು ನನ್ನ ಕೆಲಸ. ಕೊಲ್ಲಲು ಹುಟ್ಟಿದ್ದನ್ನು ನಾವು ಇಟ್ಟುಕೊಳ್ಳುವುದಿಲ್ಲ. ನೀರಿನ ಯುದ್ಧದಲ್ಲಿ ಉಳಿದ ಅಜ್ಜಿಯರು ಮಾಡಿದ ಕಟ್ಟಳೆ ಅದು.

ಸ್ಪ್ಯಾನರ್ ಒಂದರ ಹುಟ್ಟು ಮಾತ್ರ ಸಿಕ್ಕಿರಲಿಲ್ಲ; ಸಿಗುವವರೆಗೆಂದು ಬಳಸುತ್ತಿದ್ದೆವು. ನೀವು ಅದನ್ನು ಪಾನಾ ಎಂದೂ ಕರೆಯುತ್ತಿದ್ದಿರಂತೆ. ಹನ್ನೆರಡು ವರ್ಷಗಳ ಹಿಂದೆ, ನೀರು ಕುಡಿದು ಊದಿದ ನಿಮ್ಮ ಇಂಗ್ಲಿಷ್ ನಿಘಂಟೊಂದು ದಡಕ್ಕೆ ಬಂತು. ಅದರಲ್ಲಿ ಸ್ಪ್ಯಾನರ್ ಇತ್ತು: ಬಿಗಿಗೊಳಿಸು ಎಂಬ ಜರ್ಮನ್ ಮಾತಿನಿಂದ ಬಂದ ಪದ. ಮೊದಲು ಅದು ಹಳೆಯ ಬಂದೂಕಿನ ಸ್ಪ್ರಿಂಗ್ ತಿರುಗಿಸುವ ಕೀಲಿ. ನಟ್ಟು ಬಿಗಿಯುವ ಕೆಲಸ ಆಮೇಲಿನದು. ಸಭೆಯಲ್ಲಿ ನಾನು ಹೆಮ್ಮೆಯಿಂದಲೇ ಓದಿದೆ.

ಬಾಗಿಲಿನ ಬೋಲ್ಟುಗಳನ್ನು ಬಿಗಿಯುತ್ತಿದ್ದವಳು ಬುದವಂತಿ. ಸ್ಪ್ಯಾನರನ್ನು ಎತ್ತಿ ಹಿಡಿದು ಕೇಳಿದಳು: "ಇಪ್ಪತ್ ವರ್ಷ ಇದ್ರಲ್ಲೇ ಬಾಗ್ಲ ಬಿಗ್ದೆ ಮಾರಾಯ. ಯಾರ್ನ ಕೊಂದೆ, ಹೇಳ್ ಕಾಂಬ?"

"ಹಂಗಾರೆ ಗಾಳಾನೂ ಎಸೀರಿ, ಮೀನು ಕೇಳ್ತಾ ಉಂಟು!" ಎಂದರು ಯಾರೋ. ಎಲ್ಲರೂ ನಕ್ಕರು. ನಾನು ಕಟ್ಟಳೆಯನ್ನು ಇನ್ನೊಮ್ಮೆ ಓದಿದೆ. ನಗು ನಿಂತಿತು. ಏಳು ಸ್ಪ್ಯಾನರ್‌ಗಳೂ ಕಡಲಿಗೆ ಹೋದವು.

ಅಂದಿನಿಂದ ಬೋಲ್ಟುಗಳಿಗೆ ಹಗ್ಗ ಸುತ್ತಿ, ಕೋಲು ತೂರಿಸಿ ಬಿಗಿದೆವು. ನಾಲ್ಕನೆಯ ಮಳೆಗಾಲದಲ್ಲಿ ಹಗ್ಗ ಜಾರಿತು. ಬೋಲ್ಟನ್ನು ಕೈಯಲ್ಲೇ ಹಿಡಿಯಲು ನೀರಿಗೆ ಇಳಿದ ಬುದವಂತಿ ಮೇಲೆ ಬರಲಿಲ್ಲ. ಬಾಗಿಲು ಉಳಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ದಾರಿಯಲ್ಲಿ ಸಿಕ್ಕಾಗ ಇಂದಿಗೂ ಊಟ ಆಯಿತೇ ಎಂದು ಕೇಳುತ್ತಾರೆ.

ಬಾಗಿಲು ಮತ್ತೆ ಅಲುಗುತ್ತಿದೆ. ಅವಳ ಮಗಳು ಸೋಮಿ ಕಬ್ಬಿಣ ಕಾಯಿಸಿ, ಬಡಿದು, ತಾಯಿಯ ಕೈಯಲ್ಲಿ ಕಂಡದ್ದನ್ನೇ ಮಾಡಿ ತಂದಿದ್ದಾಳೆ. "ನಾಳೆ ಇದ್ರ ಹುಟ್ಟು ಓದಿ ಕೊಡಿ, ಮಾಮ," ಎಂದಳು. ಅದು ಬುದವಂತಿಯ ಕೈಯಲ್ಲಿ, ನೀರು ತಡೆಯಲೆಂದು ಹುಟ್ಟಿತೆಂದು ಓದಬೇಕೆಂದಿದ್ದೇನೆ. ಆದರೆ ನಾನು ಓದಿದ ಮೇಲೆ ನಿಘಂಟಿನ ಪುಟವನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸುವುದು ಪದ್ಧತಿ, ಮತ್ತು ಇಂಗ್ಲಿಷ್ ಓದಬಲ್ಲ ಆರು ಮಂದಿಗೆ ನಾನೇ ಕಲಿಸಿದ್ದೇನೆ.

ಪುಟ ಹರಿಯಲು ಸಂಜೆಯಿಂದ ಮೂರು ಬಾರಿ ಕೂತೆ. ಯಾವ ಪುಸ್ತಕವನ್ನೂ ಹರಿಯುವುದಿಲ್ಲವೆಂದು ಚಿಕ್ಕಂದಿನಲ್ಲೇ ಆಣೆ ಮಾಡಿದ ಕೈ ಇದು, ಏಳುವುದಿಲ್ಲ. ನಿಮಗೆ ಅಂಥ ಆಣೆಯಿಲ್ಲ. ನಿಮ್ಮ ಕಪಾಟಿನಲ್ಲಿ ಅದೇ ನಿಘಂಟು ಇನ್ನೂ ನೀರು ಕಾಣದೆ ಇರಬಹುದು. ದಯವಿಟ್ಟು ಆ ಒಂದು ಪುಟ ಹರಿದುಬಿಡಿ. ಅದಿಲ್ಲದೆಯೇ ನಿಘಂಟು ನಮ್ಮ ದಡಕ್ಕೆ ಬರಲಿ. ಬುದವಂತಿ ಮನೆಗೆ ಬರಲಿ.