ಎಲ್ಲರ ಕೈಗೂ ಒಂದೇ ವಾಚು

ರಾಯಚೂರು, ೧೧ ಜನವರಿ ೧೯೮೫

ಹಾಸ್ಟೆಲಿನ ನಳದ ಸಾಲಿನಲ್ಲಿ ಬೆಳಿಗ್ಗೆ ಮತ್ತೆ ರೂಮ್‌ಮೇಟ್ ವಾಹಿದಾಳ ಜೊತೆ ಜಗಳ. ಗದ್ದಲದಲ್ಲಿ ವಾಚು ಒದ್ದೆಯಾಯಿತು. ಅವ್ವ ಕೂಲಿ ಮಾಡಿ ಕೊಡಿಸಿದ್ದು, ಎಸ್ಸೆಸ್ಸೆಲ್ಸಿ ಪಾಸಾದಾಗ. ಕಿವಿಗಿಟ್ಟು ಕೇಳಿದೆ. ನಡೆಯುತ್ತಿದೆ, ಸದ್ಯ. ಆಮೇಲೆ ವಾಹಿದಾಳ ಸೈಕಲ್ ಮೇಲೆಯೇ ಕಲಾಶಾಲೆಗೆ ಹೋದೆ.

ಫೋಟೋಗ್ರಫಿ ಪರೀಕ್ಷೆಯ ಪ್ರಾಜೆಕ್ಟ್ ನೋಟಿಸ್ ಬೋರ್ಡಿಗೆ ಬಂದಿದೆ. ಇಬ್ಬರು ಕಲಾವಿದರನ್ನು ಆರಿಸಿಕೊಂಡು, ಅವರ ಕೆಲಸ ನೋಡಿ, ನಮ್ಮದೇ ಹನ್ನೆರಡು ಫೋಟೋ ಮಾಡಬೇಕು. ಒಬ್ಬರಿಗೆ ಒಂದೇ ರೋಲ್, ಮೂವತ್ತಾರು ಫೋಟೋದ್ದು. ಮಾರ್ಚ್‌ನಲ್ಲಿ ಹೊರಗಿನ ಪರೀಕ್ಷಕರು ಬರುತ್ತಾರೆ. ಫೇಲಾದರೆ ಡಿಪ್ಲೊಮಾ ಇಲ್ಲ. ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದು... ಬೇಡ, ಬರೆಯುವುದಿಲ್ಲ.

ಮೊದಲ ಕಲಾವಿದ ಸಿಕ್ಕ. ಲೈಬ್ರರಿ ಪುಸ್ತಕದ ಪರದೇಶಿ ಫೋಟೋಗ್ರಾಫರ್. ಹೊಲದಲ್ಲಿ ಬಗ್ಗಿ ದುಡಿಯುವ ಜನ, ಒಬ್ಬರೂ ಕ್ಯಾಮೆರಾ ನೋಡುವುದಿಲ್ಲ. ಎಂಥ ಬೆಳಕು! ನಮ್ಮೂರು ಮಾನ್ವಿಯಲ್ಲಿ ಈಗ ಭತ್ತದ ನಾಟಿ. ಅವ್ವನ ಗುಂಪಿಗಿಂತ ಚೆನ್ನಾಗಿ ಬಗ್ಗುವವರು ಇನ್ನಾರಿದ್ದಾರೆ?

ಮಾನ್ವಿ, ೨೦ ಜನವರಿ, ಸಂಜೆ

ಕೆಟ್ಟೆ.

ಜಾಲಿ ಮರದ ಮರೆಯಲ್ಲಿ ನಿಂತು ಅರ್ಧ ರೋಲ್ ತೆಗೆದಿದ್ದೆ. ದೇವದುರ್ಗದ ಕಡೆಯಿಂದ ನಾಟಿಗೆ ಬಂದ ಬಂಡೆಮ್ಮ ನೋಡಿಬಿಟ್ಟಳು.

“ಯಾರಬೇ ಅದು, ಹಿಂದ ನಿಂತು ಫೋಟೋ ಹೊಡಿಯಾಕತ್ತಾಕಿ?”

ಎಲ್ಲರೂ ಸೊಂಟ ನೆಟ್ಟಗೆ ಮಾಡಿದರು, ಎತ್ತಿ ಕಟ್ಟಿದ ಸೀರೆ ಇಳಿಸಿದರು. ಅವ್ವ ಮತ್ತೆ ಬಗ್ಗಿ ನಾಟಿ ಮುಂದುವರಿಸಿದಳು. ಮನೆಯಲ್ಲಿ ಕಾಲು ತೊಳೆಯುತ್ತ ಹೇಳಿದಳು.

“ನನ್ನ ಮಗಳು ಫೋಟೋ ಕಲ್ಯಾಕತ್ಯಾಳ ಅಂತ ಎಲ್ಲರಿಗೂ ಹೇಳೀನಿ. ನೀ ನೋಡಿದ್ರ ನಮ್ಮ ಬಗ್ಗಿದ ಡುಬ್ಬದ ಫೋಟೋ ತಗೊಂಡಿ. ನಮಗ ಮಾರಿ ಇಲ್ಲೇನಬೇ?”

“ಅದು ಕಲಾ ಯವ್ವಾ...”

“ಕಲಾ ಅಂದ್ರ ಕೇಳಲಾರದ ತಗೊಳ್ಳೋದೇನು?”

ಸಿಟ್ಟಿನಲ್ಲೂ ಎಣ್ಣೆಗಾಯಿ ಮಾಡಿದ್ದಳು. ತಲೆ ತಗ್ಗಿಸಿ ಉಂಡೆ.

೨೧ ಜನವರಿ

ಬೇಕೆಂದೇ ಬಸ್ ತಪ್ಪಿಸಿಕೊಂಡೆ. ಬಸ್‌ಸ್ಟ್ಯಾಂಡ್ ಎದುರು ಖಾಸಿಂ ಸಾಬರ ಸ್ಟುಡಿಯೋ. ಗಾಜಿನ ಹಿಂದೆ ಫೋಟೋಗಳಲ್ಲಿ ಅರ್ಧ ಮಾನ್ವಿ ಕೂತಿದೆ. ಯಾರೂ ಬಗ್ಗಿಲ್ಲ. ಕೈ ಮೊಣಕಾಲ ಮೇಲೆ, ವಾಚು ಕಾಣುವಂತೆ. ಕಣ್ಣು ನೇರ ನನ್ನ ಮೇಲೆ. ಕೂಲಿಯವರು ಯಾರು, ಸಾಹುಕಾರರು ಯಾರು, ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿರುವ ಅಪ್ಪನ ಒಂದೇ ಫೋಟೋ ಇವರೇ ತೆಗೆದದ್ದು. ದಿನಾ ನೋಡಿದ್ದೇನೆ, ತೆಗೆದವರು ಯಾರೆಂದು ಯೋಚಿಸಿರಲಿಲ್ಲ.

ಎರಡನೇ ಕಲಾವಿದ ಸಿಕ್ಕರು! ಹೇಳಿದರೆ ಸಾಬರಿಗೆ ನಗು.

“ನಾ ಎಲ್ಲಿ ಕಲಾವಿದ ಬೇಟಿ? ಜನ ಬರ್ತಾರ, ಕನ್ನಡಿ ಕೇಳ್ತಾರ, ಪೌಡರ್ ಕೇಳ್ತಾರ. ಅವರು ‘ತಯಾರ್’ ಅನ್ನೋತನಕಾ ನಾ ಬಟನ್ ಒತ್ತಂಗಿಲ್ಲ. ಅಷ್ಟ ನೋಡು.”

ಹೊರಡುವಾಗ ಕನ್ನಡಿ, ಬಾಚಣಿಗೆ ಕೈಗಿತ್ತರು. “ವಾಪಸ್ ತಂದ್ಕೊಡು ಮತ್ತ.”

ರಾಯಚೂರು, ೨೪ ಜನವರಿ

ಫೋಟೋಗ್ರಫಿ ಕಲಿಸುವ ಬಂದೇನವಾಜ್ ಸರ್ ಕನ್ನಡಕ ತೆಗೆದು ಒರೆಸಿದರು. ಅಂದರೆ ಒಪ್ಪಿಗೆಯಿಲ್ಲ.

“ಬಸ್‌ಸ್ಟ್ಯಾಂಡ್ ಸ್ಟುಡಿಯೋದವರನ್ನ ಕಲಾವಿದ ಅಂತ ಬರದ್ರ ಪರೀಕ್ಷಕರು ಏನಂತಾರ ಗೋಪಮ್ಮ? ಫೇಲ್ ಮಾಡ್ತಾರ.”

“ಅವರು ಬಂದಾಗ ನಾ ಹೇಳ್ತೀನ್ರಿ ಸರ್.”

ಧೈರ್ಯ ಎಲ್ಲಿಂದ ಬಂತೋ! ಅರ್ಧ ರೋಲ್ ಆಗಲೇ ಮುಗಿದಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಮಾನ್ವಿ, ೩ ಫೆಬ್ರವರಿ

ಆಯಿತು! ಆಯಿತು!

ನಿನ್ನೆ ಸೀದಾ ಗದ್ದೆಗೆ ಹೋಗಿ ಕೇಳಿದ್ದೆ. ತಪ್ಪಾಯಿತು ಎಂದೆ, ಹೇಗೆ ಬೇಕೋ ಹಾಗೆ ನಿಲ್ಲಿ ಎಂದೆ. ಇವತ್ತು ನೋಡಿದರೆ ಎಲ್ಲರ ಗಂಟಿನಲ್ಲೂ ಬುತ್ತಿಯ ಜೊತೆ ಹಬ್ಬದ ಸೀರೆ. ಊಟದ ಹೊತ್ತಿಗೆ ಕಾಲುವೆಯಲ್ಲಿ ಮುಖ ತೊಳೆದರು. ಕನ್ನಡಿಯನ್ನು ಜಾಲಿ ಮರಕ್ಕೆ ಕಟ್ಟಿದೆ. ಎಂಥ ನೂಕಾಟ!

ಬದುವಿನ ಮೇಲೆ ಮೊದಲು ಬಂಡೆಮ್ಮ ನಿಂತಳು. ನನ್ನ ಮಣಿಕಟ್ಟು ನೋಡಿದಳು. “ಆ ವಾಚು ಒಂದೀಟು ಕೊಡಬೇ.” ಕೊಟ್ಟೆ. ಕೈ ಮುಂದೆ ಇಟ್ಟು, “ತಯಾರ್” ಅಂದಳು. ಆಮೇಲೆ ಆ ವಾಚು ಕೈಯಿಂದ ಕೈಗೆ ಹೋಯಿತು. ಕಾಲಿಗೆ ಕೆಸರು ಹತ್ತಿದೆ, ಫೋಟೋದಲ್ಲಿ ಬರಬಾರದು ಎಂದು ಯಾರೋ ಅಂದರು. “ಬರ್ಲಿ ಬಿಡ್ರಿ, ಕೆಸರೂ ನಮ್ದ ಅಲ್ಲೇನು,” ಎಂದಳು ಅವ್ವ.

ಕೊನೆಗೆ ಅವಳ ಪಾಳಿ. ವಾಚು ಚಾಚಿದೆ. ಕೈ ಸರಿಸಿದಳು.

“ಕೊಡಿಸಿದಾಕಿ ನಾನು. ನಾನ ಎರವು ಇಸಗೊಳ್ಳಲೇನು?”

ಬರಿಗೈಯಲ್ಲಿ ನಿಂತಳು. ಗದ್ದ ಮೇಲೆತ್ತಿದಳು. “ತಯಾರ್.”

ಬಟನ್ ಒತ್ತಿದೆ. ಫೋಟೋ ಅಲುಗದಿದ್ದರೆ ಸಾಕು.

ರಾಯಚೂರು, ೧೯ ಫೆಬ್ರವರಿ

ಅಲುಗಿಲ್ಲ. ಡಾರ್ಕ್‌ರೂಮಿನ ಟ್ರೇಯಲ್ಲಿ ಅವ್ವನ ಮುಖ ನಿಧಾನವಾಗಿ ಮೂಡಿತು.

“ಇವರು ಕೂಲಿಯವರೇನ? ಹೊಲದ ಒಡತ್ಯಾರು ಇದ್ದಂಗ ಅದಾರಲ್ಲ!” ಎಂದಳು ವಾಹಿದಾ. ಹೆಮ್ಮೆ. ಬೇರೆ ಪದ ಹುಡುಕುವುದಿಲ್ಲ. ಮರೆಯಿಂದ ತೆಗೆದವುಗಳಲ್ಲಿ ಒಂದನ್ನೂ ಪ್ರಿಂಟ್ ಮಾಡಲಿಲ್ಲ.

೧೪ ಮಾರ್ಚ್

ಪರೀಕ್ಷಕರು ಮೈಸೂರು ಕಡೆಯವರು. ಗೋಡೆಯುದ್ದಕ್ಕೂ ಹೋದರು, ಮತ್ತೆ ಬಂದರು. ಸರ್‌ಗೆ ಮಾತು ಕೊಟ್ಟಂತೆ ನಾನೇ ಹೇಳಿದೆ. ಪುಸ್ತಕದ ಕಲಾವಿದನಿಂದ ಹೊಲದ ಬೆಳಕು ಕಲಿತೆ, ಖಾಸಿಂ ಸಾಬರಿಂದ ಕಾಯುವುದು ಕಲಿತೆ.

“ಎಲ್ಲರ ಕೈಗೂ ಒಂದೇ ವಾಚಲ್ಲವಾ?” ಎಂದು ನಕ್ಕು, ಅವ್ವನ ಫೋಟೋ ತೋರಿಸಿದರು. “ಇವರೊಬ್ಬರಿಗೆ ಯಾಕೆ ಇಲ್ಲ?”

ಬಾಗಿಲಲ್ಲಿ ಅವ್ವ, ಬೆಳಗಿನ ಬಸ್ಸಿಗೆ ಬಂದವಳು, ಅದೇ ಸೀರೆಯಲ್ಲಿ. ಒಳಗೆ ಬಂದು ತನ್ನ ಫೋಟೋ ಪಕ್ಕದಲ್ಲೇ ನಿಂತಳು.

“ಆ ವಾಚು ನನ್ನ ಮಗಳದು ಸಾಹೇಬ್ರ. ನಾನು ಆಕಿ ಅವ್ವ.”

ಪರೀಕ್ಷಕರು ಕೈ ಮುಗಿದರು. “ಪಾಸ್ ಅಂತ ಈಗಲೇ ಹೇಳಬಾರದಮ್ಮ,” ಎಂದರು. ಹೇಳಿಯೇಬಿಟ್ಟಂತಾಯಿತು! ಬಂದೇನವಾಜ್ ಸರ್ ಮತ್ತೆ ಕನ್ನಡಕ ತೆಗೆದರು. ಈ ಸಲ ಒರೆಸಿಕೊಂಡದ್ದು ಕಣ್ಣು.

ಮಾನ್ವಿ, ೧೫ ಮಾರ್ಚ್

ಖಾಸಿಂ ಸಾಬರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕನ್ನಡಿ ವಾಪಸ್ ಕೊಡಲು ಬಂದರೆ, ಅವ್ವ ಅದನ್ನೇ ಹಿಡಿದು ತಲೆ ಬಾಚಿಕೊಳ್ಳುತ್ತಿದ್ದಾಳೆ. ನಮ್ಮಿಬ್ಬರದೂ ಒಂದು ಫೋಟೋ ಆಗಬೇಕಂತೆ, ಅಪ್ಪನ ಫೋಟೋ ಪಕ್ಕಕ್ಕೆ.

“ಬರ್ದಿದ್ದು ಸಾಕು, ಏಳು. ವಾಚಿನ ಕೈ ಮುಂದ ಇಡು, ಕಾಣ್ಬೇಕು.”

ಸಾಬರು ಬಟನ್ ಮೇಲೆ ಬೆರಳಿಟ್ಟು ಕಾಯುತ್ತಿದ್ದಾರೆ. ಅವ್ವ ಆಗಲೇ ಗದ್ದ ಎತ್ತಿ ಕೂತಿದ್ದಾಳೆ. ಇನ್ನೇನು ನಾನೂ ತಯಾ—